200 ರೂಪಾಯಿ ಮಫ್ಲರ್, 30 ಗಂಟೆಯ ಕೌಲ್

ಹೋದ ವಾರ ಇನ್‌ಸ್ಟಾದಲ್ಲಿ ನನ್ನ ತಮ್ಮನ ಫೋಟೊ ಹಾಕಿದ್ದೆ. ಕತ್ತಲ್ಲಿ ನಾನು ಹೆಣೆದ ನೀಲಿ-ಬಿಳಿ ಚಿತ್ತಾರದ ಉಣ್ಣೆ ಕೌಲ್. ಕೌಲ್ ಅಂದ್ರೆ ತುದಿಗಳೇ ಇಲ್ಲದ ಮಫ್ಲರ್, ತಲೆ ಮೇಲಿಂದ ಇಳಿಸಿ ಹಾಕ್ಕೊಳ್ಳೋದು. ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ "ರೇಟ್ ಎಷ್ಟು?" ಹೇಳ್ತೀನಿ. ಮೊದಲು ಅದನ್ನ ಪೂರ್ತಿ ಬಿಚ್ಚಿ ಹಾಕಿದ ಕಥೆ ಕೇಳಿ.

ತಮ್ಮ ಅಂದ್ರೆ ಚಿಕ್ಕಮ್ಮನ ಮಗ. ಓದೋಕೆ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಹೊರಟಿದ್ದ. ಅಲ್ಲಿಂದ ಇನ್ನೂ ಉತ್ತರಕ್ಕೆ, ಸಮುದ್ರದ ಮಧ್ಯೆ, ಶೆಟ್ಲೆಂಡ್ ದ್ವೀಪಗಳಿವೆ. ಅದರಲ್ಲೊಂದು ಫೇರ್ ಐಲ್. ಈ ಬಣ್ಣದ ಹೆಣಿಗೆಗೆ ಹೆಸರು ಬಂದಿದ್ದೇ ಆ ಪುಟ್ಟ ದ್ವೀಪದಿಂದ. ಸರಿ, ಅದನ್ನೇ ಹೆಣೆದು ಕೊಡೋಣ ಅಂತ ಕೂತೆ.

ರೂಲ್ ಸಿಂಪಲ್: ಒಂದು ಸಾಲಿಗೆ ಎರಡೇ ಬಣ್ಣ. ಒಂದನ್ನ ಹೆಣೀತಿರುವಾಗ ಇನ್ನೊಂದು ದಾರ ಹಿಂದೆ ಸುಮ್ನೆ ಹಾದುಹೋಗ್ತಿರುತ್ತೆ. ಅದಕ್ಕೆ ಫ್ಲೋಟ್ ಅಂತಾರೆ. ಇದರಿಂದಲೇ ಹೆಣಿಗೆ ಡಬಲ್ ಆಗಿ ಬೆಚ್ಚಗಿರೋದು. ನಾನು ಎಡವಿದ್ದೂ ಇಲ್ಲೇ. 12 ಕುಣಿಕೆಯ ಡಿಸೈನ್ 11 ಸಲ, ಒಟ್ಟು 132 ಕುಣಿಕೆ. ಇಂಚಿಗೆ 6 ಅಂದ್ರೆ ಸುತ್ತಳತೆ 22 ಇಂಚು ಬರಬೇಕಿತ್ತು. ಬಂದಿದ್ದು 18. ಫ್ಲೋಟ್ ಬಿಗಿಯಾಗಿ ಎಳೆದುಬಿಟ್ಟಿದ್ದೆ. ಫ್ಲೈಟ್‌ಗೆ 9 ದಿನ ಇದೆ, ಅವನ ತಲೆ ಒಳಗೇ ಹೋಗ್ತಿಲ್ಲ!

"ಹೋಗ್ಲಿ ಬಿಡೇ, ಅಂಗಡೀಲಿ 200 ರೂಪಾಯಿಗೆ ಮಫ್ಲರ್ ಸಿಗತ್ತೆ" ಅಂದ್ರು ಚಿಕ್ಕಮ್ಮ. ಸಮಾಧಾನಕ್ಕೇ ಹೇಳಿದ್ದು. ಆದ್ರೂ ಉರೀತು.

ಬಿಚ್ಚಿದೆ. ಎರಡನೇ ಸಲ ಒಳಮೈ ಹೊರಗೆ ಬರೋ ಹಾಗೆ ತಿರುವಿಕೊಂಡು ಹೆಣೆದೆ. ಆಗ ಫ್ಲೋಟ್ ಹೊರಸುತ್ತಿನಲ್ಲಿ ಹೋಗತ್ತೆ, ಆ ದಾರಿ ಚೂರು ಉದ್ದ, ದಾರ ತಾನಾಗೇ ಸಡಿಲ ಆಗತ್ತೆ. ಬಣ್ಣ ಬದಲಿಸೋ ಮುಂಚೆ ಬಲಗೈ ಸೂಜಿ ಮೇಲಿನ ಕುಣಿಕೆಗಳನ್ನ ಬೆರಳಲ್ಲಿ ಹರಡಿ. ಫ್ಲೋಟ್ 5 ಕುಣಿಕೆ ದಾಟಿದ್ರೆ ಮಧ್ಯೆ ಒಂದ್ಸಲ ಸಿಕ್ಕಿಸಿ, ಇಲ್ಲಾಂದ್ರೆ ಕಿವಿಯೋಲೆಗೆ ಸಿಕ್ಕಿಹಾಕ್ಕೊಳ್ಳತ್ತೆ. ಆಮೇಲೆ ದಯವಿಟ್ಟು ಉಣ್ಣೆನೇ ತಗೊಳ್ಳಿ. ಅಕ್ರಿಲಿಕ್ ಜಾರತ್ತೆ, ಉಣ್ಣೆಯ ಎಳೆಗಳು ಒಂದಕ್ಕೊಂದು ಹಿಡ್ಕೊಳ್ಳುತ್ತವೆ. ಮುಗಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಒತ್ತಿ ಹರಡಿದ್ರೆ ಸೊಟ್ಟಪಟ್ಟ ಎಲ್ಲ ಸರಿಹೋಗತ್ತೆ. ನನ್ನದು ಫ್ಲೈಟ್‌ನ ಹಿಂದಿನ ರಾತ್ರಿ ಫ್ಯಾನ್ ಕೆಳಗೆ ಒಣಗಿದ್ದು. ಕೊಡುವಾಗ ಇನ್ನೂ ತಣ್ಣಗಿತ್ತು.

ಎರಡನೇ ಸಲಕ್ಕೇ 30 ಗಂಟೆ ಹಿಡೀತು. ಬಿ.ಕಾಂ. ಓದಿದ ತಲೆ, ಲೆಕ್ಕ ಹಾಕದೆ ಇರಲ್ಲ. ಹಾಕ್ತಾ ಹಾಕ್ತಾ ಶೆಟ್ಲೆಂಡ್ ನೆನಪಾಯ್ತು. ಅಲ್ಲಿನ ಹೆಂಗಸರು ಬೆನ್ನ ಮೇಲೆ ಬುಟ್ಟಿ ತುಂಬ ಉರುವಲು ಹೊತ್ತು ನಡೀತಾನೇ ಹೆಣೀತಿದ್ರು. ಅವರ ಶಾಲು, ಕಾಲುಚೀಲ ತಗೊಂಡು ವ್ಯಾಪಾರಿಗಳು ಹೆಚ್ಚಾಗಿ ದುಡ್ಡು ಕೊಡ್ತಿರ್ಲಿಲ್ಲ. ಚಹಾ, ಬಟ್ಟೆ ಕೊಡ್ತಿದ್ರು. ಟ್ರಕ್ ಪದ್ಧತಿ ಅಂತ ಹೆಸರು. ಲಾರಿ ಅಲ್ಲ, ಕೂಲಿಯನ್ನ ಸಾಮಾನಲ್ಲಿ ತೀರಿಸೋದು. 1872ರಲ್ಲಿ ಬ್ರಿಟಿಷ್ ಸರ್ಕಾರದ ವಿಚಾರಣೆಗೆ ಈ ಹೆಂಗಸರೇ ಬಂದು ಸಾಕ್ಷಿ ಹೇಳಿದ್ರು. 1920ರ ದಶಕದಲ್ಲಿ ಬ್ರಿಟನ್ನಿನ ಯುವರಾಜ ಫೇರ್ ಐಲ್ ಸ್ವೆಟರ್ ಹಾಕಿ ಗಾಲ್ಫ್ ಆಡಿದ್ಮೇಲೆ ಅದು ದೊಡ್ಡ ಫ್ಯಾಷನ್ ಆಯ್ತು.

ಸರಿ, ರೇಟ್. ಗಂಟೆಗೆ 100 ರೂಪಾಯಿ, 30 ಗಂಟೆಗೆ 3,000. ಉಣ್ಣೆಗೆ 900. ಒಟ್ಟು 3,900. ಬಿಚ್ಚಿದ್ದು ನನ್ನ ಖಾತೆಗೆ. ಇದನ್ನ ಟೈಪ್ ಮಾಡಿ ಕಳಿಸಿದ ಮೇಲೆ ಉಳಿದವರು ಇಬ್ಬರು. ಒಬ್ಬರು ಉಣ್ಣೆಗೆ ಅಡ್ವಾನ್ಸ್ ಹಾಕಿದ್ದಾರೆ. ಇನ್ನೊಬ್ಬರು ಚಿಕ್ಕಮ್ಮ: "ನಂಗೆ ಕಲಿಸ್ತೀಯೇನೇ?" ಭಾನುವಾರ ಬರ್ತಿದ್ದಾರೆ.