ಗುಟ್ಟು ಬಿಟ್ಟುಕೊಟ್ಟ ಗಾಜಿನ ಗುರು

ಕಸುಬಿನ ಗುಟ್ಟನ್ನು ಹೊರಗಿನವರಿಗೆ ಹೇಳಿಕೊಟ್ಟರೆ ಕಸುಬು ಉಳಿಯುತ್ತದೆಯೇ, ಅಳಿಯುತ್ತದೆಯೇ? ಈ ಪ್ರಶ್ನೆಗೆ ತಮ್ಮ ದುಡಿಮೆಯಿಂದಲೇ ಉತ್ತರ ಕೊಟ್ಟವರು ಇಟಲಿಯ ಗಾಜಿನ ಶಿಲ್ಪಿ ಲೀನೊ ತಾಲ್ಯಾಪಿಯೆತ್ರ.

ಅವರು ಹುಟ್ಟಿದ್ದು 1934ರಲ್ಲಿ, ವೆನಿಸ್ ನಗರದ ಪಕ್ಕದ ಮುರಾನೊ ದ್ವೀಪದಲ್ಲಿ. ಬೆಂಕಿ ಅನಾಹುತಕ್ಕೆ ಹೆದರಿ ವೆನಿಸ್ ಗಣರಾಜ್ಯವು 1291ರಲ್ಲಿ ಗಾಜಿನ ಕುಲುಮೆಗಳನ್ನು ಈ ದ್ವೀಪಕ್ಕೆ ಸಾಗಿಸಿತು. ಬೆಂಕಿಯ ಜೊತೆಗೆ ವಿದ್ಯೆಯೂ ಅಲ್ಲಿ ಬಂದಿಯಾಯಿತು. ಗಾಜಿನ ಕೆಲಸದವರು ಹೊರದೇಶದಲ್ಲಿ ಕಸುಬು ನಡೆಸದಂತೆ ಕಾನೂನೇ ತಡೆಯಿತು. 1797ರಲ್ಲಿ ಗಣರಾಜ್ಯ ಅಳಿದರೂ ಗುಟ್ಟು ಕಾಯುವ ಅಭ್ಯಾಸ ಅಳಿಯಲಿಲ್ಲ.

ಇಂಥ ಊರಿನಲ್ಲಿ ಲೀನೊ ಹನ್ನೆರಡರ ಆಸುಪಾಸಿನಲ್ಲೇ ಆರ್ಕಿಮೆದೆ ಸೆಗೂಸೊ ಎಂಬ ಹೆಸರಾಂತ ಕುಶಲಿಯ ಕುಲುಮೆ ಸೇರಿದರು. ಇಪ್ಪತ್ತು ದಾಟುವ ಹೊತ್ತಿಗೆ 'ಮಾಯೆಸ್ತ್ರೊ', ಅಂದರೆ ಕುಲುಮೆಯ ಗುರು, ಎನಿಸಿಕೊಂಡರು.

ಆ ಕೈಚಳಕ ಎಂಥದೆಂದು ತಿಳಿಯಲು 'ರೆತಿಚೆಲ್ಲೊ' ಎಂಬ ಒಂದು ಬಗೆ ಸಾಕು. ಬಣ್ಣದ ಎಳೆಗಳಿರುವ ಒಂದು ಗಾಜಿನ ಗುಳ್ಳೆಯನ್ನು ಬಲಕ್ಕೆ ತಿರುಚುತ್ತಾರೆ, ಇನ್ನೊಂದನ್ನು ಎಡಕ್ಕೆ. ಒಂದರೊಳಗೆ ಇನ್ನೊಂದನ್ನು ಊದಿ ಕೂಡಿಸಿದಾಗ ಎಳೆಗಳು ಬಲೆಯಾಗುತ್ತವೆ. ಬಲೆಯ ಪ್ರತಿ ಕಣ್ಣಿನಲ್ಲೂ ಸಾಸಿವೆಯಷ್ಟು ಗಾಳಿ ಸಿಕ್ಕಿಕೊಳ್ಳುತ್ತದೆ. ಊದುವ ಕೊಳವೆಯನ್ನು ತಿರುಗಿಸುವುದು ಒಂದು ಗಳಿಗೆ ನಿಂತರೂ ಬಿಸಿ ಗಾಜು ಜೋತುಬೀಳುತ್ತದೆ. ಇದು ಪುಸ್ತಕ ಓದಿ ಕಲಿಯುವ ವಿದ್ಯೆಯಲ್ಲ. ಬಲ್ಲವರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಅಮೆರಿಕದ ಸ್ಥಿತಿ ಬೇರೆಯಾಗಿತ್ತು. 1962ರಲ್ಲಿ ಹಾರ್ವೆ ಲಿಟಲ್‌ಟನ್ ಟೊಲಿಡೊ ಕಲಾ ಸಂಗ್ರಹಾಲಯದಲ್ಲಿ ಸಣ್ಣ ಕುಲುಮೆ ಹೂಡಿ ಶಿಬಿರ ನಡೆಸಿದ ಮೇಲೆ, ಕಾರ್ಖಾನೆಯ ಹಂಗಿಲ್ಲದೆ ಕಲಾವಿದರೇ ಗಾಜು ಊದತೊಡಗಿದ್ದರು. ಉತ್ಸಾಹವಿತ್ತು, ಪರಂಪರೆ ಇರಲಿಲ್ಲ. ಮುರಾನೊದ ವೆನಿನಿ ಕಾರ್ಖಾನೆಯಲ್ಲಿ ಕೆಲಸ ನೋಡಿ ಬಂದಿದ್ದ ಡೇಲ್ ಚಿಹೂಲಿ 1971ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಪಿಲ್ಚಕ್ ಗಾಜಿನ ಶಾಲೆ ಆರಂಭಿಸಿದರು. ಲೀನೊ 1979ರಲ್ಲಿ ಅಲ್ಲಿಗೆ ಪಾಠ ಹೇಳಲು ಹೋದರು.

ಊರಿನಲ್ಲಿ ಹಲವರು ಮುನಿದರು. ಅವರ ಅಂಜಿಕೆಯನ್ನು ಸಣ್ಣತನವೆಂದು ತಳ್ಳಿಹಾಕುವಂತಿಲ್ಲ. ಗುಟ್ಟೇ ಅವರ ಅನ್ನವಾಗಿತ್ತು. ಆದರೂ ಲೀನೊ ಮತ್ತೆ ಮತ್ತೆ ಹೋದರು, ಏನನ್ನೂ ಮುಚ್ಚಿಡದೆ ಕಲಿಸಿದರು. ದಾಂತೆ ಮರಿಯೋನಿಯಂಥ ಅಮೆರಿಕನ್ ಕಲಾವಿದರು ಅವರ ಕೈ ನೋಡಿ ಬೆಳೆದರು.

ಕೊಟ್ಟವರಿಗೂ ಇದರಿಂದ ಗಳಿಕೆಯಾಯಿತೆಂಬುದನ್ನು ಗಮನಿಸಬೇಕು. ಕಾರ್ಖಾನೆಯಲ್ಲಿ ಮಾರಾಟದ ಸಾಮಾನು ಮಾಡಿಸುವುದೇ ಮಾಯೆಸ್ತ್ರೊನ ಕೆಲಸ. ತೋಚಿದ್ದನ್ನು ತನಗಾಗಿ ಮಾಡಿ ನೋಡುವ ಸ್ವಾತಂತ್ರ್ಯವನ್ನು ಲೀನೊ ಕಂಡದ್ದು ಶಿಷ್ಯರ ನಡುವೆ. ಮುಂದೆ ಅವರು ಸ್ವತಂತ್ರ ಕಲಾವಿದರಾದರು. ಉದ್ದನೆಯ ಗಾಜಿನ ದೋಣಿಗಳನ್ನು ಹಿಂಡಾಗಿ ಗಾಳಿಯಲ್ಲಿ ತೂಗುಬಿಟ್ಟ 'ಎಂಡೆವರ್' ಎಂಬ ಕೃತಿಯಲ್ಲಿ ವೆನಿಸ್ಸಿನ ನೀರೂ ಇದೆ, ಹೊರಗೆ ಪಡೆದ ಧೈರ್ಯವೂ ಇದೆ.

ಲೀನೊ 2021ರಲ್ಲಿ ಕುಲುಮೆಯ ಕೆಲಸದಿಂದ ನಿವೃತ್ತರಾದರು. ಮುರಾನೊದಲ್ಲಿ ಕುಲುಮೆಗಳು ಕಡಿಮೆಯಾಗಿವೆ; 2022ರ ಅನಿಲ ಬೆಲೆಯೇರಿಕೆ ಉಳಿದವನ್ನೂ ನಡುಗಿಸಿತು. ವಿದ್ಯೆ ಆ ದ್ವೀಪವೊಂದರಲ್ಲೇ ಬಂದಿಯಾಗಿದ್ದರೆ ಅದರ ಗತಿಯೂ ಆ ಕುಲುಮೆಗಳ ಗತಿಯೇ ಆಗುತ್ತಿತ್ತು. ಈಗ ಸಿಯಾಟಲ್‌ನಲ್ಲೂ ಎಳೆಯರು ಗುಳ್ಳೆಯೊಳಗೆ ಗುಳ್ಳೆ ಊದಿ ರೆತಿಚೆಲ್ಲೊ ಬಲೆ ಹೆಣೆಯುತ್ತಾರೆ.