ಎಲ್ಲದಕ್ಕೂ ಕೂಗೋ ಬಜರ್

ಪೀಣ್ಯದ ಒಂದು ಫ್ಯಾಕ್ಟರಿಗೆ ಸ್ಕಾಡಾ ಸಾಫ್ಟ್‌ವೇರ್‌ನಲ್ಲಿ ನಾನು ಮಾಡಿದ ಮೊದಲ ಅಲಾರ್ಮ್ ಬೋರ್ಡ್ ಕಥೆ ಹೇಳ್ತೀನಿ.

ಇದ್ದಬದ್ದ ಸಿಗ್ನಲ್‌ಗಳನ್ನೆಲ್ಲ ಬೋರ್ಡ್‌ಗೆ ಹಾಕಿ, ಎಲ್ಲದಕ್ಕೂ ಕೆಂಪು ಬಣ್ಣ, ಬಜರ್ ಕೊಟ್ಟಿದ್ದೆ. ವಾರ ಬಿಟ್ಟು ನೈಟ್ ಶಿಫ್ಟ್‌ಗೆ ಹೋದ್ರೆ, ಬಜರ್ ವೈರೇ ಕಿತ್ತಿತ್ತು! ಆಪರೇಟರ್ ಅಣ್ಣ ಹೇಳಿದ್ರು: "ಸರ್, ಪ್ಯಾನೆಲ್ ಬಾಗಿಲು ತೆಗೆದ್ರೂ ಕೂಗುತ್ತೆ, ಕಂಪ್ರೆಸರ್ ಆಯಿಲ್ ಪ್ರೆಶರ್ ಬಿದ್ರೂ ಕೂಗುತ್ತೆ. ನಾನು ಯಾವುದಕ್ಕೆ ಓಡ್ಲಿ?"

ಇದು ಸಣ್ಣ ಪ್ರಶ್ನೆಯಲ್ಲ. 1994ರ ಜುಲೈ 24ರಂದು ವೇಲ್ಸ್‌ನ ಮಿಲ್ಫರ್ಡ್ ಹೇವನ್ ರಿಫೈನರಿಯಲ್ಲಿ ಸ್ಫೋಟ ಆಯ್ತು. ಅದಕ್ಕೆ ಮುಂಚಿನ ಸುಮಾರು 11 ನಿಮಿಷದಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ ಬಂದ ಅಲಾರ್ಮ್ 275.

ಆ ಅಣ್ಣನ ಜೊತೆ ಕೂತು ಬೋರ್ಡ್ ಹೊಸದಾಗಿ ಮಾಡಿದೆ. ಆಪರೇಟರ್ ಏನಾದ್ರೂ ಮಾಡಲೇಬೇಕು ಅನ್ನೋದಕ್ಕೆ ಮಾತ್ರ ಅಲಾರ್ಮ್, ಉಳಿದಿದ್ದು ಲಾಗ್‌ಗೆ. ತಕ್ಷಣ ಓಡಬೇಕಾದ್ರೆ ಕೆಂಪು, ಸ್ವಲ್ಪ ಸಮಯ ಇದ್ರೆ ಹಳದಿ. ಹೊಸ ಅಲಾರ್ಮ್ ಮಿನುಗುತ್ತೆ. 'ನೋಡಿದೆ' ಅಂತ ಬಟನ್ ಒತ್ತಿದ್ರೆ ಮಿನುಗೋದು ನಿಲ್ಲುತ್ತೆ, ಆದ್ರೆ ತೊಂದರೆ ಸರಿಹೋಗೋವರೆಗೂ ಬಣ್ಣ ಹೋಗಲ್ಲ. ಪಕ್ಕದಲ್ಲೇ ಏನು ಮಾಡಬೇಕು ಅಂತ ಕನ್ನಡದಲ್ಲಿ ಒಂದು ಸಾಲು.

ಈಗ ಬೋರ್ಡ್ ಬಹಳ ಹೊತ್ತು ಖಾಲಿ ಇರುತ್ತೆ. ಬಜರ್ ವೈರ್‌ನ ಆ ಅಣ್ಣನೇ ವಾಪಸ್ ಜೋಡಿಸಿದ್ರು.