ಕಾಲು ಪಾಲಿನ ಟೈಗರ್ ಮಾತ್

ಮಾದರಿ ವಿಮಾನ ಎಂದೊಡನೆ ಮಕ್ಕಳ ಆಟಿಕೆಯೊಂದು ಕಣ್ಣ ಮುಂದೆ ಬರುತ್ತದೆ. ಇಂದಿನ ಮಾತು ಅಂಥ ಆಟಿಕೆಯ ಬಗ್ಗೆ ಅಲ್ಲ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೂಕಾಲು ಮೀಟರಿನಷ್ಟು ಅಗಲದ, ಮನೆಯ ಬಾಗಿಲಲ್ಲಿ ನೇರವಾಗಿ ತೂರದ, ಪೆಟ್ರೋಲಿನಿಂದ ಓಡುವ, ನೆಲದ ಮೇಲೆ ನಿಂತವರ ಕೈಯ ರೇಡಿಯೊ ಪೆಟ್ಟಿಗೆಯ ಆಜ್ಞೆಯಂತೆ ಹಾರುವ ವಿಮಾನದ ಬಗ್ಗೆ. ಹಳೆಯ ಕಾಲದ ವಿಮಾನವೊಂದನ್ನು ಅದರ ಕಾಲು ಪಾಲಿನ ಅಳತೆಯಲ್ಲಿ ಮತ್ತೆ ಕಟ್ಟುವ ಈ ಹವ್ಯಾಸಕ್ಕೆ ಯೂರೋಪು, ಅಮೆರಿಕಗಳಲ್ಲಿ ದೊಡ್ಡ ಬಳಗವೇ ಇದೆ. ನಮ್ಮಲ್ಲಿ ಎನ್‌ಸಿಸಿ ವಾಯುದಳದ ವಿದ್ಯಾರ್ಥಿಗಳು ಬಾಲ್ಸಾ ಮರದ ತೆಳು ಹಲಗೆಗಳನ್ನು ಕತ್ತರಿಸಿ ಅಂಟಿಸುತ್ತಾರಲ್ಲ, ಅದೇ ಈ ವಿದ್ಯೆಯ ಓನಾಮ.

ಇವರು ಮತ್ತೆ ಮತ್ತೆ ಆರಿಸಿಕೊಳ್ಳುವ ವಿಮಾನಗಳಲ್ಲಿ ಒಂದು ಟೈಗರ್ ಮಾತ್. ಮೇಲೊಂದು ಕೆಳಗೊಂದು ಜೋಡಿ ರೆಕ್ಕೆ, ಒಂದರ ಹಿಂದೊಂದು ಎರಡು ತೆರೆದ ಆಸನ. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪೆನಿಯ ಈ ತರಬೇತಿ ವಿಮಾನ ಮೊದಲು ಹಾರಿದ್ದು 1931ರ ಅಕ್ಟೋಬರ್ 26ರಂದು. ಕಂಪೆನಿಯ ಸ್ಥಾಪಕ ಜೆಫ್ರಿ ಡಿ ಹ್ಯಾವಿಲೆಂಡ್ ಅವರಿಗೆ ಪತಂಗಗಳ ಮೇಲೆ ವಿಪರೀತ ಆಸಕ್ತಿ. ಆದ್ದರಿಂದಲೇ ಆ ಕಾರ್ಖಾನೆಯ ಹಲವು ಸಣ್ಣ ವಿಮಾನಗಳಿಗೆ ಪತಂಗದ ಹೆಸರು. ಇದು ಹುಲಿಪತಂಗ. ಒಟ್ಟು 8,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳ ಸಾವಿರಾರು ಪೈಲಟ್‌ಗಳು ಅಕ್ಷರಾಭ್ಯಾಸ ಮಾಡಿದ್ದು ಇದರಲ್ಲಿಯೇ. ಭಾರತೀಯ ವಾಯುಪಡೆಯ ಹಳೆಯ ತಲೆಮಾರಿನವರೂ ಇದರಲ್ಲೇ ಹಾರಲು ಕಲಿತರು.

ರೇಡಿಯೊ ಮಾದರಿಗೆ ಟೈಗರ್ ಮಾತ್ ಒಪ್ಪುತ್ತದೆ ಎನ್ನಲು ಇನ್ನೊಂದು ಸ್ವಾರಸ್ಯದ ಕಾರಣವುಂಟು. ಪೂರ್ಣ ಗಾತ್ರದ ಈ ವಿಮಾನವೇ ಒಂದು ಕಾಲಕ್ಕೆ ಪೈಲಟ್ ಇಲ್ಲದೆ ರೇಡಿಯೊ ಮೂಲಕ ಹಾರಿತ್ತು. ವಿಮಾನನಾಶಕ ಫಿರಂಗಿಯವರು ಗುರಿ ಅಭ್ಯಾಸ ಮಾಡುವುದಾದರೂ ಯಾವುದರ ಮೇಲೆ? ಅದಕ್ಕೆಂದು 1930ರ ದಶಕದ ನಡುವೆ ಟೈಗರ್ ಮಾತ್‌ನ ರೆಕ್ಕೆಗಳನ್ನು ಮರದ ಒಡಲಿಗೆ ಜೋಡಿಸಿ, ಒಳಗೆ ರೇಡಿಯೊ ಉಪಕರಣ ಇಟ್ಟು, ಕ್ವೀನ್ ಬೀ ಎಂಬ ವಿಮಾನವನ್ನು ಬ್ರಿಟಿಷರು ತಯಾರಿಸಿದರು. ಕ್ವೀನ್ ಬೀ ಎಂದರೆ ರಾಣಿ ಜೇನು. ನೆಲದ ಮೇಲಿನ ನಿಯಂತ್ರಕನ ಮುಂದೆ ಇದ್ದದ್ದು ಹಳೆಯ ಟೆಲಿಫೋನಿನಲ್ಲಿ ಇರುತ್ತಿದ್ದಂಥ, ಬೆರಳಿಟ್ಟು ತಿರುಗಿಸುವ ಡಯಲ್. ಒಂದು ಅಂಕೆ ತಿರುಗಿಸಿದರೆ ಎಡಕ್ಕೆ, ಮತ್ತೊಂದು ತಿರುಗಿಸಿದರೆ ಬಲಕ್ಕೆ. ಇಂದು ಮದುವೆ ಮನೆಯಲ್ಲಿ ಫೋಟೊ ತೆಗೆಯುವ ಯಂತ್ರಕ್ಕೂ ಅಂಟಿಕೊಂಡಿರುವ ಡ್ರೋನ್ ಎಂಬ ಹೆಸರಿಗೆ, ಅಂದರೆ ಗಂಡು ಜೇನು ಎಂಬ ಹೆಸರಿಗೆ, ಈ ರಾಣಿ ಜೇನೇ ಮೂಲ ಎಂದು ಹೇಳುವ ಇತಿಹಾಸಕಾರರು ಹಲವರು.

ಹವ್ಯಾಸಿಗಳ ಕೈಗೆ ರೇಡಿಯೊ ಬಂದದ್ದೂ ಅದೇ ದಶಕದಲ್ಲಿ. ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು 1937ರಲ್ಲಿ ಹಾರಿಸಿದ ಗಫ್ ಎಂಬ ಮಾದರಿ ಈಗ ಅಲ್ಲಿನ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಆಮೇಲೆ ಬಹುಕಾಲ ಸಾಮಾನ್ಯ ಹವ್ಯಾಸಿಗೆ ದಕ್ಕುತ್ತಿದ್ದುದು ಒಂದೇ ಗುಂಡಿಯ ನಿಯಂತ್ರಣ. ಗುಂಡಿ ಒತ್ತಿದರೆ ತಿರುಚಿದ ರಬ್ಬರ್ ಬ್ಯಾಂಡಿನ ಬಲದಿಂದ ಚುಕ್ಕಾಣಿ ಪೂರ್ತಿ ಒಂದು ಕಡೆಗೆ ಹೊರಳುತ್ತಿತ್ತು, ಬಿಟ್ಟರೆ ಮತ್ತೆ ನಡುವಿಗೆ. ಅರ್ಧ ಎಂಬುದೇ ಇರಲಿಲ್ಲ. ಬೆರಳು ಎಷ್ಟು ಸರಿಸಿದರೆ ಅಷ್ಟೇ ತಿರುಗುವ ನಿಯಂತ್ರಣ 1960ರ ದಶಕದಲ್ಲಿ ಹರಡಿತು. ಆಗಲೂ ಒಂದೇ ಮೈದಾನದಲ್ಲಿ ಇಬ್ಬರು ಒಂದೇ ತರಂಗಾಂತರದಲ್ಲಿ ಪೆಟ್ಟಿಗೆ ಚಾಲೂ ಮಾಡಿದರೆ ವಿಮಾನ ನೆಲ ಕಚ್ಚುವುದು ಖಂಡಿತ. ಅದಕ್ಕಾಗಿ ಕ್ಲಬ್ಬುಗಳಲ್ಲಿ ಒಂದು ಹಲಗೆಯ ಮೇಲೆ ತರಂಗಾಂತರಕ್ಕೊಂದು ಕ್ಲಿಪ್ಪು ಸಿಕ್ಕಿಸಿಡುತ್ತಿದ್ದರು. ಕ್ಲಿಪ್ಪು ಯಾರ ಬಳಿ ಇದೆಯೋ ಅವರಿಗೆ ಮಾತ್ರ ಆಕಾಶ. ಈಗಿನ 2.4 ಗಿಗಾಹರ್ಟ್ಸ್ ಪೆಟ್ಟಿಗೆಗಳು ಈ ತಾಪತ್ರಯವನ್ನು ಬಹುಮಟ್ಟಿಗೆ ನೀಗಿಸಿವೆ.

ಇಷ್ಟಾದರೂ ರೇಡಿಯೊ ಈ ಕೆಲಸದ ಸುಲಭದ ಭಾಗ. ಅಂಗಡಿಯಲ್ಲಿ ಕೊಂಡು ತಂದು ಕೂರಿಸಬಹುದು. ಕೊಂಡು ತರಲಾಗದ್ದು ವಿಮಾನದ ರಚನೆಯ ತಿಳಿವಳಿಕೆ.

ಟೈಗರ್ ಮಾತ್ ಅನ್ನು ಪಕ್ಕದಿಂದ ನೋಡಿದರೆ ಮೇಲಿನ ರೆಕ್ಕೆ ತುದಿಯತ್ತ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಅದು ಅಲಂಕಾರವಲ್ಲ. ಅದಕ್ಕೂ ಮುಂಚಿನ ಮಾತ್ ವಿಮಾನಗಳಲ್ಲಿ ಮುಂದಿನ ಆಸನದವನ ತಲೆಯ ಮೇಲೆಯೇ ರೆಕ್ಕೆ ಇರುತ್ತಿತ್ತು. ಆಪತ್ತಿನಲ್ಲಿ ಪ್ಯಾರಾಶೂಟ್ ಕಟ್ಟಿಕೊಂಡವನು ಹಾರಿಕೊಳ್ಳುವುದು ಕಷ್ಟ. ವಾಯುಪಡೆ ಒಪ್ಪಲಿಲ್ಲ. ಆಗ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಸರಿಸಿದೊಡನೆ ತೂಕ ಒಂದು ಕಡೆ, ಎತ್ತುವ ಬಲ ಇನ್ನೊಂದು ಕಡೆ ಆಯಿತು. ಅದನ್ನು ಸರಿದೂಗಿಸಲು ರೆಕ್ಕೆಗಳನ್ನು ಹಿಂದಕ್ಕೆ ವಾಲಿಸಿದರು. ಚಿತ್ರ ನೋಡಿ ಬೊಂಬೆ ಮಾಡುವವರಿಗೆ ಈ ಕತೆ ಬೇಕಾಗಿಲ್ಲ. ಹಾರುವ ಮಾದರಿ ಕಟ್ಟುವವರು ವಾಲಿಕೆಯಲ್ಲಿ ಒಂದೆರಡು ಡಿಗ್ರಿ ಎಡವಿದರೂ ತೋಲ ತಪ್ಪುತ್ತದೆ. ಕತೆ ತಾನಾಗಿಯೇ ತಿಳಿಯುತ್ತದೆ.

ಕಾಲು ಅಳತೆಯಲ್ಲಿ ರೆಕ್ಕೆಯ ರಚನೆ ಹೆಚ್ಚುಕಡಿಮೆ ಮೂಲದ್ದೇ. ಸ್ಪ್ರೂಸ್ ಮರದ ಉದ್ದನೆಯ ತೊಲೆಗಳು, ಅವಕ್ಕೆ ಪೋಣಿಸಿದ ಪಕ್ಕೆಲುಬುಗಳು, ಅದರ ಮೇಲೆ ಬಟ್ಟೆ. ಅಸಲು ವಿಮಾನದಲ್ಲಿ ಲಿನನ್ ಬಟ್ಟೆ ಹೊದಿಸಿ, ಪ್ರತಿ ಪಕ್ಕೆಲುಬಿಗೂ ದಾರದಿಂದ ಹೊಲಿದು, ಗಂಟು ಹಾಕಿ, ಅದರ ಮೇಲೆ ಗರಗಸದ ಹಲ್ಲಿನ ಅಂಚಿನ ಪಟ್ಟಿ ಅಂಟಿಸಿ, ಡೋಪ್ ಎಂಬ ದ್ರಾವಣ ಬಳಿದು ಬಿಗಿ ಮಾಡುತ್ತಿದ್ದರು. ಪ್ರೊಪೆಲರಿನ ಗಾಳಿ ರಾಚುವ ಜಾಗದಲ್ಲಿ ಹೊಲಿಗೆ ಹತ್ತಿರ ಹತ್ತಿರ. ಈಗಿನ ಮಾದರಿಗಾರರು ಇಸ್ತ್ರಿಪೆಟ್ಟಿಗೆ ಆಡಿಸಿದರೆ ಬಿಗಿಯಾಗುವ ಪಾಲಿಯೆಸ್ಟರ್ ಬಟ್ಟೆಯನ್ನು ಬಳಸುತ್ತಾರೆ. ಆದರೆ ನಿಷ್ಠಾವಂತರು ಹೊಲಿಗೆಯ ಗಂಟುಗಳನ್ನು ಬಿಡುವುದಿಲ್ಲ. ನೂರಾರು ಗಂಟುಗಳ ಜಾಗದಲ್ಲಿ ಒಂದೊಂದು ತೊಟ್ಟು ಅಂಟು ಇಟ್ಟು, ದರ್ಜಿಯ ಹಲ್ಲುಕತ್ತರಿಯಿಂದ ಪಟ್ಟಿಯ ಅಂಚು ಕತ್ತರಿಸಿ ಕೂರಿಸುತ್ತಾರೆ. ಸ್ಪರ್ಧೆಗಳಲ್ಲಿ ತೀರ್ಪುಗಾರರು ಅಸಲು ವಿಮಾನದ ನಕ್ಷೆ, ಛಾಯಾಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ಅಂಕ ಕೊಡುತ್ತಾರೆ ಎಂಬುದು ನಿಜ. ಆದರೆ ಅಂಕಕ್ಕಾಗಿಯೇ ಯಾರೂ ಇಷ್ಟು ಗಂಟು ಹಾಕಲಾರರು.

ತಂತಿಗಳ ವಿಷಯ ಇನ್ನೂ ಸೂಕ್ಷ್ಮ. ಜೋಡಿ ರೆಕ್ಕೆಗಳ ನಡುವೆ ಓರೆಯಾಗಿ ಎಳೆದ ತಂತಿಗಳಲ್ಲಿ ಒಂದು ಗುಂಪು ಹಾರುವಾಗ ರೆಕ್ಕೆ ಮೇಲಕ್ಕೆ ಬಾಗದಂತೆ ತಡೆಯುತ್ತದೆ. ಇನ್ನೊಂದು ಗುಂಪು ನೆಲದಲ್ಲಿದ್ದಾಗ ರೆಕ್ಕೆ ಜೋತುಬೀಳದಂತೆ ಹಿಡಿದಿರುತ್ತದೆ. ಚಿಕ್ಕ ಮಾದರಿಯಲ್ಲಿ ಇವು ಬರೀ ತೋರಿಕೆಯ ದಾರ. ಕಾಲು ಅಳತೆಯಲ್ಲಿ ಇವುಗಳಿಗೆ ನಿಜವಾಗಿಯೂ ಭಾರ ಹೊರಿಸಬಹುದು. ಹೊರಿಸಿದ ಮೇಲೆ ಒಂದು ತಂತಿ ಅರ್ಧ ಸುತ್ತು ಹೆಚ್ಚು ಬಿಗಿಯಾದರೂ ರೆಕ್ಕೆ ತಿರುಚಿಕೊಳ್ಳುತ್ತದೆ. ವೀಣೆಯ ತಂತಿ ಶ್ರುತಿ ಮಾಡುವ ಸಹನೆ ಬೇಕು. ಒಂದು ಕಾಲಕ್ಕೆ ವಿಮಾನ ನಿಲ್ದಾಣಗಳ ಮೆಕ್ಯಾನಿಕ್‌ಗಳ ಕೈಯಲ್ಲಿದ್ದ ಈ ಕಸುಬು ಈಗ ಬೆರಳೆಣಿಕೆಯ ದುರಸ್ತಿಶಾಲೆಗಳಲ್ಲಿ ಮತ್ತು ಇಂಥ ಹವ್ಯಾಸಿಗಳ ಶೆಡ್ಡುಗಳಲ್ಲಿ ಉಳಿದಿದೆ. ಪೆಟ್ಟಿಗೆ ಬಿಚ್ಚಿದರೆ ಹಾರುವ ಸಿದ್ಧ ಮಾದರಿಗಳು ಮಾರುಕಟ್ಟೆಗೆ ಬಂದ ಮೇಲೆ ಶೆಡ್ಡುಗಳೂ ಕಡಿಮೆಯಾಗುತ್ತಿವೆ. ಅವುಗಳಿಂದ ಹಾರಿಸುವವರು ಹೆಚ್ಚಿದರು, ಸಂತೋಷ, ಕಟ್ಟುವವರು ಹೆಚ್ಚಲಿಲ್ಲ.

ಎಲ್ಲವನ್ನೂ ಕಾಲು ಭಾಗಕ್ಕೆ ಇಳಿಸಿದರಾಯಿತು, ಇದರಲ್ಲೇನು ಕಷ್ಟ ಎಂದು ನೀವು ಕೇಳಬಹುದು. ಕಷ್ಟ ಇರುವುದು ಇಲ್ಲಿಯೇ. ಲೆಕ್ಕ ಹಾಕಿ ನೋಡಿ. ಅಸಲು ಟೈಗರ್ ಮಾತ್‌ನ ರೆಕ್ಕೆಯ ಅಗಲ 8.94 ಮೀಟರ್, ಪೂರ್ತಿ ಭಾರ ಹೊತ್ತಾಗಿನ ತೂಕ ಸುಮಾರು 828 ಕಿಲೋ. ಉದ್ದಗಲಗಳು ನಾಲ್ಕನೇ ಒಂದಾದರೆ ರೆಕ್ಕೆಯ ವಿಸ್ತೀರ್ಣ ಹದಿನಾರನೇ ಒಂದಾಗುತ್ತದೆ, ತೂಕ ಅರವತ್ತನಾಲ್ಕನೇ ಒಂದು. ಅಂದರೆ 13 ಕಿಲೋದ ಆಸುಪಾಸು. ಒಂದೊಂದು ಚದರ ಅಡಿ ರೆಕ್ಕೆ ಹೊರುವ ಭಾರ ನಾಲ್ಕನೇ ಒಂದಕ್ಕೆ ಇಳಿಯುವುದರಿಂದ ಮಾದರಿಯ ವೇಗ ಅರ್ಧವಾಗುತ್ತದೆ. ಅಸಲು ವಿಮಾನದ ಗರಿಷ್ಠ ವೇಗ ಗಂಟೆಗೆ ಸುಮಾರು 175 ಕಿಲೋಮೀಟರ್. ಮಾದರಿಗೆ ಸಲ್ಲುವುದು 87. ಎಂಜಿನಿನ ಲೆಕ್ಕ ಇನ್ನೂ ಸೋಜಿಗ: ತೂಕ ಅರವತ್ತನಾಲ್ಕನೇ ಒಂದು, ವೇಗ ಅರ್ಧ, ಹಾಗಾಗಿ ಬೇಕಾಗುವ ಶಕ್ತಿ ನೂರಿಪ್ಪತ್ತೆಂಟನೇ ಒಂದು. ಅಸಲಿನ ಜಿಪ್ಸಿ ಮೇಜರ್ ಎಂಜಿನಿಗೆ 130 ಅಶ್ವಶಕ್ತಿ, ಮಾದರಿಗೆ ಒಂದೇ ಕುದುರೆ ಸಾಕು!

ಗಾಳಿ ಮಾತ್ರ ಚಿಕ್ಕದಾಗುವುದಿಲ್ಲ. ಅದೇ ಸಾಂದ್ರತೆ, ಅದೇ ಜಿಗುಟು. ಹರಿವಿನ ಗುಣವನ್ನು ಅಳೆಯಲು ವಿಜ್ಞಾನಿಗಳು ಬಳಸುವ ರೇನಾಲ್ಡ್ಸ್ ಸಂಖ್ಯೆ ಕಾಲು ಅಳತೆಯ ಮಾದರಿಯಲ್ಲಿ ಎಂಟನೇ ಒಂದಕ್ಕೆ ಇಳಿಯುತ್ತದೆ. ಚಿಕ್ಕ ರೆಕ್ಕೆಗೆ ಗಾಳಿ ಹೆಚ್ಚು ಅಂಟಂಟಾಗಿ ತೋರುತ್ತದೆ ಎಂದು ಒರಟಾಗಿ ಹೇಳಬಹುದು. ಮಾದರಿ ಚಿಕ್ಕದಾದಷ್ಟೂ ಅದರ ಹಾರಾಟ ಅಸಲಿನಿಂದ ದೂರ. ಹವ್ಯಾಸಿಗಳು ದೊಡ್ಡ ಅಳತೆಯ ಹಿಂದೆ ಬೀಳುವುದು ಗತ್ತಿಗಾಗಿ ಅಲ್ಲ, ಈ ಕಾರಣಕ್ಕಾಗಿ.

ಕಾಲವೂ ಬದಲಾಗುತ್ತದೆ. ಕಾಲು ಅಳತೆಯ ವಿಮಾನ ವಾಲುವುದು, ಏಳುವುದು, ಕುಪ್ಪಳಿಸುವುದು ಎಲ್ಲವೂ ಅಸಲಿನ ಎರಡರಷ್ಟು ಚುರುಕು. ಸಿನಿಮಾದವರಿಗೆ ಇದು ಚೆನ್ನಾಗಿ ಗೊತ್ತು. ಅವರು ಸೆಕೆಂಡಿಗೆ 24ರ ಬದಲು 48 ಚೌಕಟ್ಟು ಚಿತ್ರೀಕರಿಸಿ ಮಾಮೂಲು ವೇಗದಲ್ಲಿ ತೋರಿಸುತ್ತಾರೆ. ಆಗ ಮಾದರಿಗೆ ಅಸಲಿನ ಗಾಂಭೀರ್ಯ ಬರುತ್ತದೆ. ಮೈದಾನದಲ್ಲಿ ನಿಂತವರ ಕಣ್ಣಿಗೆ ಈ ಸೌಲಭ್ಯವಿಲ್ಲ. ಹಾಗಾಗಿ ಹಾರಿಸುವವರ ಬೆರಳು ಮೆದುವಾಗಿರಬೇಕು. ಒಂದು ಕುದುರೆ ಸಾಕಾದ ಕಡೆ ನಾಲ್ಕು ಕುದುರೆ ಕಟ್ಟಿ ಟೈಗರ್ ಮಾತ್ ಅನ್ನು ರಾಕೆಟ್ಟಿನಂತೆ ನೆಟ್ಟಗೆ ಮೇಲಕ್ಕೇರಿಸುವವರೂ ಇದ್ದಾರೆ. ಅಸಲು ವಿಮಾನ ಲಾಗ ಹಾಕಬೇಕಾದರೆ ಮೊದಲು ಮೂಗು ಬಗ್ಗಿಸಿ ವೇಗ ಕೂಡಿಸಿಕೊಳ್ಳಬೇಕಿತ್ತು, ಆಮೇಲೆ ಉಬ್ಬಸಪಡುತ್ತ ಮೇಲೇರಬೇಕಿತ್ತು. ಆ ಉಬ್ಬಸವನ್ನು ತೋರಿಸದ ಮಾದರಿ ಎಷ್ಟೇ ಗಂಟು ಹೊಲಿದಿದ್ದರೂ ಸುಳ್ಳೇ.

ಇನ್ನು ತೂಕದ ಹಂಚಿಕೆ. ಜಿಪ್ಸಿ ಮೇಜರ್ ಎಂಜಿನ್ ಸುಮಾರು 140 ಕಿಲೋ ತೂಗುತ್ತಿತ್ತು. ಲೆಕ್ಕದ ಪ್ರಕಾರ ಮಾದರಿಯ ಮೂಗಿನಲ್ಲಿ ಎರಡು ಕಿಲೋಗಿಂತ ಹೆಚ್ಚು ಇರಬೇಕು. ಪುಟ್ಟ ಪೆಟ್ರೋಲ್ ಎಂಜಿನ್ ಅಷ್ಟು ತೂಗುವುದಿಲ್ಲ. ಬಾಲ ಭಾರವಾದ ವಿಮಾನ ಹಾರಿದರೂ ಹೆಚ್ಚು ಹೊತ್ತು ಹಾರದು. ಆದ್ದರಿಂದ ಬ್ಯಾಟರಿಗಳನ್ನೆಲ್ಲ ಮೂಗಿಗೆ ತಳ್ಳಿ, ಸಾಲದೆ ಸೀಸದ ತುಂಡುಗಳನ್ನು ತುಂಬುತ್ತಾರೆ. ಬಾಲದಲ್ಲಿ ಹತ್ತು ಗ್ರಾಂ ಉಳಿಸಿದರೆ ಮೂಗಿನಲ್ಲಿ ಅದರ ಹಲವು ಪಟ್ಟು ಸೀಸ ಉಳಿಯಿತು ಎಂಬುದು ಈ ಕಸುಬಿನವರ ಬಾಯಿಪಾಠ.

ಮೊದಲ ಹಾರಾಟದಲ್ಲಿ ಹೊಸಬರು ಬೆಚ್ಚಿಬೀಳುವುದು ತಿರುವಿನಲ್ಲಿ. ಟೈಗರ್ ಮಾತ್‌ಗೆ ಐಲೆರಾನ್ ಇರುವುದು ಕೆಳಗಿನ ರೆಕ್ಕೆಗಳಲ್ಲಿ ಮಾತ್ರ. ಎಡಕ್ಕೆ ವಾಲಿಸಿದರೆ ಬಲಗಡೆ ಕೆಳಗಿಳಿದ ಐಲೆರಾನ್ ಗಾಳಿಗೆ ಅಡ್ಡವಾಗಿ ಮೂಗನ್ನು ಬಲಕ್ಕೇ ಎಳೆಯುತ್ತದೆ. ಅದಕ್ಕೆಂದು ಡಿ ಹ್ಯಾವಿಲೆಂಡಿನವರು ಐಲೆರಾನ್ ಮೇಲೆ ಹೆಚ್ಚು, ಕೆಳಗೆ ತೀರಾ ಕಡಿಮೆ ಚಲಿಸುವ ಏರ್ಪಾಡು ಮಾಡಿದ್ದರು. ಮಾದರಿಯಲ್ಲಿ ಎರಡೂ ಕಡೆ ಸಮನಾಗಿ ಚಲಿಸುವಂತೆ ಕೂರಿಸಿದರೆ ವಿಮಾನ ಎತ್ತ ಹೊರಟಿದೆಯೋ ತಿಳಿಯದು. ಸರಿಯಾಗಿ ಕೂರಿಸಿದರೂ ತಿರುವಿಗೆ ಚುಕ್ಕಾಣಿಯ ಜೊತೆ ಬೇಕೇ ಬೇಕು. 1930ರ ದಶಕದ ಶಿಷ್ಯನ ಕಾಲಿಗೆ ಬಂದ ಪಾಠ ಇಂದಿನ ಹವ್ಯಾಸಿಯ ಎಡ ಹೆಬ್ಬೆರಳಿಗೆ ಬರುತ್ತದೆ.

ನಮ್ಮ ದೇಶದಲ್ಲಿ 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಕ್ಕೆ 25 ಕಿಲೋ ಮಿತಿ ಹಾಕಿವೆ. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು, ಕೆಂಪು ಮತ್ತು ಹಳದಿ ವಲಯಗಳಲ್ಲಿ ಅನುಮತಿ ಬೇಕು. ಕಾಲು ಅಳತೆಯ ಟೈಗರ್ ಮಾತ್ ಈ ತೂಕದೊಳಗೆ ಆರಾಮವಾಗಿ ಕೂರುತ್ತದೆ.

ಭಾರತೀಯ ವಾಯುಪಡೆ ತನ್ನ ಒಂದು ಟೈಗರ್ ಮಾತ್ ಅನ್ನು ದುರಸ್ತಿ ಮಾಡಿಸಿ 2012ರಲ್ಲಿ ಮತ್ತೆ ಹಾರಿಸಿತು. ವಾಯುಪಡೆಯಲ್ಲಿ ಟೈಗರ್ ಮಾತ್‌ನ ಜಾಗಕ್ಕೆ ಬಂದದ್ದು ಬೆಂಗಳೂರಿನದೇ ಮಗು: ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2. ಟೈಗರ್ ಮಾತ್ ಕಟ್ಟುವವರಿಗೆ ಹತ್ತು ಅಳತೆಗಳಲ್ಲಿ ನಕ್ಷೆ ಸಿಗುತ್ತದೆ. ಎಚ್‌ಟಿ-2 ಕಟ್ಟಬೇಕೆನ್ನುವವರಿಗೆ ದಾರಿ ಅಷ್ಟು ಸಲೀಸಲ್ಲ. ಅವರು ಅಳತೆಪಟ್ಟಿ, ನೋಟ್‌ಪುಸ್ತಕ ಹಿಡಿದು, ವಸ್ತುಸಂಗ್ರಹಾಲಯದವರ ಅನುಮತಿ ಕೇಳಿ, ನಿಂತ ವಿಮಾನದ ಸುತ್ತ ಒಂದೊಂದು ರಿವೆಟ್ಟನ್ನೂ ಎಣಿಸುತ್ತ ಮೊದಲುಮಾಡಬೇಕು.